ಫಲಕವೂ ಪಾಕವೂ: ವಲಸೆಗಾರರ ಊಟದ ಮನೆಗಳನ್ನು ಗುರುತಿಸುವ ಬಗೆ

1. ಪ್ರಸ್ತಾವನೆ

ಪರಸ್ಥಳದಿಂದ ಬಂದು ನೆಲಸಿದವರು ನಡೆಸುವ ಊಟದ ಮನೆಗಳನ್ನು ನಮ್ಮ ನಮ್ಮ ಊರುಗಳಲ್ಲಿ ಗುರುತಿಸುವುದು ಹೇಗೆ, ಅವುಗಳಲ್ಲಿ ‘ಅಸಲು’ ಯಾವುದು, ‘ನಕಲು’ ಯಾವುದು ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಮೇಲುನೋಟಕ್ಕೆ ಇದು ನಾಲಗೆಯ ಚಪಲಕ್ಕೆ ಸೇರಿದ ವಿಷಯವೆಂದು ತೋರಬಹುದು. ಆದರೆ ಒಂದು ಊರಿನ ಚರಿತ್ರೆಯನ್ನು ಶಾಸನ, ಕಡತ, ದೇವಾಲಯಗಳಲ್ಲಿ ಹುಡುಕುವಂತೆಯೇ ಅದರ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿಯೂ ಹುಡುಕಬಹುದು. ಯಾರು ಎಲ್ಲಿಂದ ಬಂದರು, ಏಕೆ ಬಂದರು, ಬಂದಾಗ ಏನನ್ನು ತಂದರು, ಏನನ್ನು ಬಿಟ್ಟುಬಂದರು ಎಂಬುದೆಲ್ಲ ಅಲ್ಲಿ ಎಲೆಯ ಮೇಲೆಯೇ ಬಡಿಸಿರುತ್ತದೆ. ಅದನ್ನು ಓದುವ ಅಭ್ಯಾಸ ಮಾತ್ರ ನಮಗಿಲ್ಲ.

ಇಂತಹ ಶೋಧಕ್ಕೆ ಮುಂಬಯಿ, ಬೆಂಗಳೂರುಗಳಂತಹ ಮಹಾನಗರಗಳೇ ಬೇಕೆಂದಿಲ್ಲ. ದಾವಣಗೆರೆ ಜಿಲ್ಲೆಯ ಹೊನ್ನಾಳಿ ತಾಲೂಕಿನ ಸಾಸ್ವೆಹಳ್ಳಿಯನ್ನೇ ಉದಾಹರಣೆಗಾಗಿ ತೆಗೆದುಕೊಳ್ಳೋಣ. ಹೆಸರಿನಲ್ಲಿಯೇ ಒಗ್ಗರಣೆಯ ಸಾಸಿವೆಯ ಧ್ವನಿಯುಳ್ಳ ಈ ಹೋಬಳಿ ಕೇಂದ್ರವು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಪ್ರದೇಶದಲ್ಲಿದೆ. ಮುದ್ದೆಯನ್ನೂ ರೊಟ್ಟಿಯನ್ನೂ ಅನ್ನವನ್ನೂ ಉಣ್ಣುವ ಸೀಮೆ ಇದು. ಹೊನ್ನಾಳಿ, ಚನ್ನಗಿರಿ ತಾಲೂಕುಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು, ಆ ವರ್ಷ ದಾವಣಗೆರೆ ಜಿಲ್ಲೆಯು ರಚಿತವಾದಾಗ ಅದಕ್ಕೆ ಸೇರಿದುವು. ಹೀಗೆ ಎರಡು ಸೀಮೆಗಳ ನಡುವೆ ಇರುವ ಊರಿನಲ್ಲಿ ಊಟದ ಪದ್ಧತಿಗಳೂ ಒಂದರೊಡನೊಂದು ಬೆರೆಯುವುದು ಸಹಜ. ಇಂತಹ ಊರಿನಲ್ಲಿ ನಿಂತು ನೋಡಿದರೆ ‘ಪರಸ್ಥಳದವರು’ ಎಂಬ ಮಾತಿನ ಅರ್ಥವೇ ಅಷ್ಟು ಸರಳವಲ್ಲವೆಂಬುದು ತಿಳಿದುಬರುತ್ತದೆ.

2. ಅನ್ನವನ್ನು ಮಾರುವ ವೃತ್ತಿ

ಬೇಯಿಸಿದ ಅನ್ನವನ್ನು ಹಣಕ್ಕೆ ಮಾರುವುದು ನಮ್ಮ ದೇಶದಲ್ಲಿ ತೀರ ಈಚಿನವರೆಗೆ ಗೌರವದ ವೃತ್ತಿಯಾಗಿರಲಿಲ್ಲ. ಪ್ರವಾಸಿಗರಿಗೆ ಛತ್ರ, ಮಠ, ದೇವಾಲಯಗಳಿದ್ದುವು, ನೀರಿಗೆ ಅರವಟಿಗೆಗಳಿದ್ದುವು. ಯಾರು ಬೇಯಿಸಿದ್ದನ್ನು ಯಾರು ಉಣ್ಣಬಹುದು ಎಂಬ ಜಾತಿಯ ಕಟ್ಟಳೆಯಿದ್ದುದರಿಂದ ಹೊರಗೆ ಉಣ್ಣುವುದೆಂದರೆ ಮೈಲಿಗೆಗೆ ಬಾಗಿಲು ತೆರೆದಂತೆಯೇ ಎಂದು ಬಹುಜನ ಭಾವಿಸುತ್ತಿದ್ದರು. ರೈಲು, ಗಿರಣಿ, ಕಚೇರಿ, ಕಾಲೇಜುಗಳು ಬಂದ ಮೇಲೆ ಮನೆಯಿಂದ ದೂರವಿದ್ದು ದಿನವೂ ಉಣ್ಣಬೇಕಾದ ಗಂಡಸರ ಒಂದು ದೊಡ್ಡ ಸಮೂಹ ಪಟ್ಟಣಗಳಲ್ಲಿ ತಲೆದೋರಿತು. ಇವರಿಗೆ ಊಟ ಬೇಕು; ಅದೂ ತಮ್ಮ ನಾಲಗೆಗೆ ಒಗ್ಗುವ, ತಮ್ಮ ಜಾತಿಗೆ ಸಲ್ಲುವ ಊಟವಾಗಬೇಕು. ಖಾನಾವಳಿ, ಮೆಸ್ಸು, ಬೋರ್ಡಿಂಗುಗಳು ಹುಟ್ಟಿದುದು ಈ ಅಗತ್ಯದಿಂದ.

ಆದುದರಿಂದ ವಲಸೆಗಾರರ ಊಟದ ಮನೆಗಳಲ್ಲಿ ಎರಡು ಬಗೆಗಳನ್ನು ಮೊದಲೇ ಬೇರ್ಪಡಿಸಿಕೊಳ್ಳುವುದು ಅವಶ್ಯ. ಮೊದಲನೆಯದು ವಲಸೆ ಬಂದವರು ತಮ್ಮವರಿಗಾಗಿಯೇ ನಡೆಸುವ ಮನೆ. ಎರಡನೆಯದು ವಲಸೆ ಬಂದವರು ಊರವರಿಗಾಗಿ ನಡೆಸುವ ಮನೆ. ಮೊದಲನೆಯದರಲ್ಲಿ ಅಡುಗೆ ತವರೂರಿನ ರುಚಿಗೆ ಹತ್ತಿರವಾಗಿರುತ್ತದೆ; ಎರಡನೆಯದರಲ್ಲಿ ಅದು ಗಿರಾಕಿಯ ಕಡೆಗೆ ವಾಲುತ್ತದೆ. ಮೊದಲನೆಯದಕ್ಕೆ ಫಲಕವೇ ಇಲ್ಲದಿರಬಹುದು. ಎರಡನೆಯದು ಫಲಕದಿಂದಲೇ ಬದುಕುತ್ತದೆ. ಮೊದಲನೆಯದು ಕಾಲಕ್ರಮದಲ್ಲಿ ಎರಡನೆಯದಾಗಿ ಮಾರ್ಪಡುವುದು ಬಹಳ ಸಾಮಾನ್ಯ. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ಇದಕ್ಕೆ ಒಳ್ಳೆಯ ನಿದರ್ಶನ. ದಕ್ಷಿಣದಿಂದ ಹೋಗಿ ಆ ಭಾಗದಲ್ಲಿ ನೆಲಸಿದ್ದ ನೌಕರವರ್ಗಕ್ಕೆ ಬೇಕಾದ ಅನ್ನ, ಸಾರು, ಪಲ್ಯ, ಮಜ್ಜಿಗೆಗಳನ್ನು ಬಡಿಸುತ್ತ ಬೆಳೆದ ಇಂತಹ ಮನೆಗಳಿಗೆ ಇಂದು ನಗರದ ಎಲ್ಲ ಭಾಷೆಯವರೂ ಬರುತ್ತಾರೆ.

3. ಉಡುಪಿ ಹೋಟೆಲು

ಕನ್ನಡನಾಡಿನಲ್ಲಿ ಈ ವಿಷಯವನ್ನು ಕುರಿತು ಬರೆಯುವವರು ಉಡುಪಿಯ ಹೋಟೆಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಕನ್ನಡದ ಉಡುಪಿ, ಕುಂದಾಪುರಗಳ ಸುತ್ತಿನಿಂದ ಬಡ ಬ್ರಾಹ್ಮಣ ತರುಣರು ಘಟ್ಟವನ್ನು ಹತ್ತಿ ಮೈಸೂರು ಸೀಮೆಗೂ, ಕಡಲ ದಾರಿಯಿಂದ ಮುಂಬಯಿಗೂ, ರೈಲಿನಿಂದ ಮದರಾಸಿಗೂ ಹೊರಟರು. ತುಂಡು ಭೂಮಿ, ದೊಡ್ಡ ಕುಟುಂಬ, ಗೇಣಿಯ ಭಾರ ಇವು ಅವರನ್ನು ಹೊರಡಿಸಿದ ಕಾರಣಗಳು. 1923ರ ನೇತ್ರಾವತಿಯ ಮಹಾಪ್ರವಾಹವನ್ನು ಕರಾವಳಿಯ ಜನ ಬಹುಕಾಲ ನೆನೆಯುತ್ತಿದ್ದರು. ಹೀಗೆ ಹೊರಟವರ ಕೈಯಲ್ಲಿ ಬಂಡವಾಳವಿರಲಿಲ್ಲ. ಆದರೆ ದೇವಾಲಯ, ಮಠ, ಮದುವೆಮನೆಗಳಲ್ಲಿ ನೂರಾರು ಜನರಿಗೆ ಒಮ್ಮೆಗೇ ಅಡುಗೆ ಮಾಡಿ ಬಡಿಸಿದ ಅನುಭವವಿತ್ತು. ಮೇಲಾಗಿ ಬ್ರಾಹ್ಮಣನ ಕೈಯಡುಗೆಯನ್ನು ಎಲ್ಲರೂ ಉಣ್ಣಬಹುದೆಂಬ ಅಂದಿನ ಸಮಾಜದ ನಂಬಿಕೆಯಿತ್ತು. ಆ ಜಾತಿಯ ಕಟ್ಟಳೆಯೇ ಅವರಿಗೆ ಮೂಲಧನವಾಯಿತು ಎಂಬುದನ್ನು ವಾಚಕರು ಗಮನಿಸಬೇಕು.

ಬೆಂಗಳೂರಿನಲ್ಲಿ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರೂ ಅವರ ಸೋದರರೂ 1924ರಲ್ಲಿ ತೊಡಗಿದ ಸಂಸ್ಥೆಯು ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾಯಿತು. ಬಸವನಗುಡಿಯ ವಿದ್ಯಾರ್ಥಿ ಭವನವು 1943ರಲ್ಲಿ ಪ್ರಾರಂಭವಾಯಿತು. ಅಡುಗೆಮನೆಯ ಹುಡುಗನಾಗಿ ಬದುಕನ್ನಾರಂಭಿಸಿದ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದ ಮೇಲೆ, ಗೇಣಿಯ ಆದಾಯವನ್ನು ಕಳೆದುಕೊಂಡ ಮನೆಗಳಿಂದಲೂ ಹಲವರು ಈ ವೃತ್ತಿಯನ್ನು ಹಿಡಿದರು. ಬಂಟರೂ ಇತರ ಸಮುದಾಯಗಳವರೂ ಮುಂಬಯಿ ಮೊದಲಾದೆಡೆಗಳಲ್ಲಿ ಈ ಉದ್ಯಮವನ್ನು ವಿಸ್ತರಿಸಿದರು.

ಇಲ್ಲಿ ನಮ್ಮ ಪ್ರಶ್ನೆಗೆ ಮೊದಲ ತೊಡಕು ಎದುರಾಗುತ್ತದೆ. ಉಡುಪಿಯ ಹೋಟೆಲಿನಲ್ಲಿ ದೊರೆಯುವುದು ಉಡುಪಿಯ ಮನೆಯಡುಗೆಯೆ? ಬಹುಮಟ್ಟಿಗೆ ಅಲ್ಲ. ಕರಾವಳಿಯ ಮನೆಗಳ ಪತ್ರೊಡೆ, ಕೊದ್ದೆಲು, ತಂಬುಳಿ, ಕುಚ್ಚಲಕ್ಕಿಯ ಗಂಜಿಗಳು ಘಟ್ಟದ ಮೇಲಣ ಹೋಟೆಲಿನ ಪಟ್ಟಿಯಲ್ಲಿ ಅಪರೂಪ. ಅಲ್ಲಿ ಪ್ರಧಾನವಾಗಿರುವುದು ಇಡ್ಲಿ, ವಡೆ, ಮಸಾಲೆ ದೋಸೆ, ಉಪ್ಪಿಟ್ಟು, ಕಾಫಿ. ರವೆಯ ಇಡ್ಲಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಕ್ಕಿಗೆ ಅಭಾವ ಬಂದಾಗ, ತಾನೇ ಹೊಸದಾಗಿ ಕಲ್ಪಿಸಿದುದಾಗಿ ಮಾವಳ್ಳಿಯ ಸಂಸ್ಥೆಯು ಹೇಳಿಕೊಂಡು ಬಂದಿದೆ. ಅದು ಉಡುಪಿಯಿಂದ ಬಂದ ತಿಂಡಿಯಲ್ಲ. ಉಡುಪಿಯಿಂದ ಬಂದವರ ಬುದ್ಧಿಯಿಂದ ಹುಟ್ಟಿದ ತಿಂಡಿ. ಹಾಗೆಂದು ಅದನ್ನು ನಕಲಿಯೆನ್ನಲಾದೀತೆ? ವಲಸೆಯ ಅಡುಗೆಯೆಂಬುದು ತವರಿನ ಅಡುಗೆಯ ಪಡಿಯಚ್ಚಲ್ಲ, ತವರಿನ ಕೈ ಹೊಸ ನೆಲದಲ್ಲಿ ಮಾಡಿದ ಕೆಲಸ ಎಂಬುದು ಇದರಿಂದ ಸ್ಪಷ್ಟ.

4. ‘ಅಸಲು’ ಎಂಬುದರ ಅರ್ಥ

ನಮ್ಮ ಜಿಲ್ಲೆಯ ಹೆಮ್ಮೆಯಾದ ದಾವಣಗೆರೆಯ ಬೆಣ್ಣೆ ದೋಸೆಯು ಇದೇ ಮಾತನ್ನು ಇನ್ನೊಂದು ಬಗೆಯಿಂದ ಸಾರುತ್ತದೆ. ಬೆಳಗಾವಿಯ ಕಡೆಯಿಂದ ಮಕ್ಕಳೊಡನೆ ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು 1928ರ ಸುಮಾರಿಗೆ ದಾವಣಗೆರೆಯಲ್ಲಿ ದೋಸೆಯ ಅಂಗಡಿಯನ್ನಿಟ್ಟಳೆಂದೂ, ಮೊದಲು ರಾಗಿಯಿಂದ ದೋಸೆಯನ್ನು ಹುಯ್ಯುತ್ತಿದ್ದು, ಮುಂದೆ ಆಕೆಯ ಮಕ್ಕಳ ಕಾಲದಲ್ಲಿ ಅಕ್ಕಿಯ ಹಿಟ್ಟು ಬಳಕೆಗೆ ಬಂದಿತೆಂದೂ ಜನ ಹೇಳುತ್ತಾರೆ. ಈ ಕಥೆಯಲ್ಲಿ ವಲಸೆ ಬಂದ ಒಬ್ಬ ತಾಯಿ ಇದ್ದಾಳೆ. ಬಂದ ಊರಿನ ಧಾನ್ಯವಿದೆ. ಹತ್ತಿಯ ಗಿರಣಿಗಳಿಂದ ಬೆಳೆಯುತ್ತಿದ್ದ ಪಟ್ಟಣದ ಹಸಿವಿದೆ. ಅಕ್ಕಿ, ಉದ್ದಿನ ಜೊತೆಗೆ ಮಂಡಕ್ಕಿಯನ್ನೂ ರುಬ್ಬಿ, ಸೌದೆಯ ಉರಿಯಲ್ಲಿ ಕಾದ ಹಂಚಿನ ಮೇಲೆ ಧಾರಾಳವಾಗಿ ಬೆಣ್ಣೆ ಹಾಕಿ ಬೇಯಿಸಿ, ಆಲೂಗಡ್ಡೆಯ ಪಲ್ಯ, ಕಾಯಿ ಚಟ್ನಿಗಳೊಡನೆ ಕೊಡುವ ಈ ದೋಸೆಯು ಇಂದು ದಾವಣಗೆರೆಯ ಗುರುತಾಗಿ ನಿಂತಿದೆ. ಅಲ್ಲಿಂದ ಅದು ಬೆಂಗಳೂರಿಗೂ ಅದರಾಚೆಗೂ ಮತ್ತೆ ವಲಸೆ ಹೋಗಿದೆ. ನಿನ್ನೆ ಪರಸ್ಥಳದ್ದಾಗಿದ್ದುದು ಇಂದು ಊರಿನದಾಗಿ, ನಾಳೆ ಇನ್ನೊಂದು ಊರಿನಲ್ಲಿ ಪರಸ್ಥಳದ್ದಾಗುತ್ತದೆ.

ಧಾರವಾಡದ ಪೇಡೆಯ ಕಥೆಯೂ ಇದಕ್ಕೆ ಸಮೀಪವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂದಿನ ಉತ್ತರಪ್ರದೇಶದ ಉನ್ನಾವಿನ ಕಡೆಯಿಂದ ಬಂದ ಠಾಕೂರ್ ಮನೆತನದವರು ಇದನ್ನು ಪ್ರಾರಂಭಿಸಿದರು. ಈಗ ಅದಕ್ಕೆ ಧಾರವಾಡದ ಹೆಸರಿನಲ್ಲಿಯೇ ಭೌಗೋಳಿಕ ಗುರುತಿನ ನೋಂದಣಿಯಾಗಿದೆ. ಪೇಡೆಯೆಂಬುದು ಗಂಗಾಬಯಲಿನಲ್ಲಿ ಹಳೆಯ ತಿನಿಸೇ ಆದರೂ, ಧಾರವಾಡದ ಎಮ್ಮೆಯ ಹಾಲಿನಿಂದ, ಬಹುಹೊತ್ತು ಕಾಯಿಸಿ ಕೆಂಪಾಗಿಸುವ ಕ್ರಮದಿಂದ ಅದು ಬೇರೆಯೇ ಆಗಿಬಿಟ್ಟಿತು.

ಈ ಉದಾಹರಣೆಗಳಿಂದ ನಾವು ತೆಗೆಯುವ ನಿರ್ಣಯವಿಷ್ಟು. ಅಸಲುತನವನ್ನು ಬದಲಾಗದ ಪಾಕದಲ್ಲಿ ಹುಡುಕಬಾರದು. ಹುಡುಕಿದರೆ ಎಲ್ಲಿಯೂ ಸಿಕ್ಕದು. ಅದನ್ನು ಮೂರು ಸಂಬಂಧಗಳಲ್ಲಿ ಹುಡುಕಬೇಕು. ಅಡುಗೆಯನ್ನು ಮಾಡುವ ಕೈಗೂ ಆ ಅಡುಗೆಯನ್ನು ಕಲಿಸಿದ ಮನೆಗೂ ಇರುವ ಸಂಬಂಧ ಒಂದು; ಉಣ್ಣುವವರಿಗೂ ಆ ಅಡುಗೆಗೂ ಇರುವ ಸಂಬಂಧ ಎರಡನೆಯದು; ಬೇಕಾದ ಸಾಮಾನಿಗೂ ಅದು ಬರುವ ನೆಲಕ್ಕೂ ಇರುವ ಸಂಬಂಧ ಮೂರನೆಯದು. ಈ ಮೂರೂ ಜೀವಂತವಾಗಿದ್ದರೆ ಆ ಮನೆಯು ಅಸಲಾದುದು; ಮೂರೂ ಕಡಿದುಹೋಗಿ ಹೆಸರೊಂದೇ ಉಳಿದಿದ್ದರೆ ಅದು ಫಲಕ ಮಾತ್ರ.

5. ಗುರುತಿಸುವ ಕ್ರಮ

ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಕೆಲವು ಗುರುತುಗಳನ್ನು ಇಲ್ಲಿ ಕೊಡುತ್ತೇವೆ. ಇವು ಸೂತ್ರಗಳಲ್ಲ, ದಾರಿಯ ಕೈಮರಗಳು.

ಮೊದಲನೆಯದು ಫಲಕದ ಭಾಷೆ. ತಿನಿಸೊಂದು ತನ್ನ ಊರಿನಲ್ಲಿ ಊರಿನ ಹೆಸರನ್ನು ಹೊರುವುದು ಕಡಮೆ. ದಾವಣಗೆರೆಯವರು ‘ಬೆಣ್ಣೆ ದೋಸೆ’ ಎಂದಷ್ಟೇ ಹೇಳುವರು. ‘ದಾವಣಗೆರೆ’ ಎಂಬ ವಿಶೇಷಣ ಬೇಕಾಗುವುದು ಊರ ಹೊರಗೆ. ಕರಾವಳಿಯ ‘ಗೋಳಿಬಜೆ’ಯು ಘಟ್ಟವನ್ನು ಹತ್ತಿದ ಮೇಲೆ ‘ಮಂಗಳೂರು ಬಜ್ಜಿ’ಯಾಗುತ್ತದೆ. ಆದುದರಿಂದ ಫಲಕದಲ್ಲಿ ಊರಿನ ಹೆಸರು ದಪ್ಪ ಅಕ್ಷರದಲ್ಲಿದ್ದರೆ ಅದು ಪರರಿಗಾಗಿ ಬರೆದುದೆಂದು ತಿಳಿಯಬೇಕು. ಅದರ ಬದಲು ಒಳಗೆ ಗೋಡೆಯ ಮೇಲೆ ತೂಗುಹಾಕಿದ ಹಲಗೆಯಲ್ಲಿ, ಊರವರಿಗೆ ಅರ್ಥವಾಗದ ಒಂದೆರಡು ತಿನಿಸಿನ ಹೆಸರುಗಳು ವಿವರಣೆಯಿಲ್ಲದೆ ಇದ್ದರೆ, ಅಲ್ಲಿ ಬರುವವರಲ್ಲಿ ಬಲ್ಲವರು ಇದ್ದಾರೆಂದು ಅರ್ಥ.

ಎರಡನೆಯದು ಗಿರಾಕಿಗಳು. ಮಧ್ಯಾಹ್ನದ ಊಟಕ್ಕೆ ಯಾರು ಬರುತ್ತಾರೆ, ಯಾರು ತಿಂಗಳ ಲೆಕ್ಕದಲ್ಲಿ ಉಣ್ಣುತ್ತಾರೆ ಎಂಬುದನ್ನು ನೋಡಬೇಕು. ಒಂದು ದಿನ ಬಂದು ಹೋಗುವವರಿಂದ ನಡೆಯುವ ಹೋಟೆಲಿಗೂ ತಿಂಗಳ ಗಿರಾಕಿಗಳಿಂದ ನಡೆಯುವ ಖಾನಾವಳಿಗೂ ಬಹಳ ಅಂತರವಿದೆ. ದಿನವೂ ಉಣ್ಣುವವನ ಮುಂದೆ ಮೋಸದ ಅಡುಗೆ ಹೆಚ್ಚು ದಿನ ನಿಲ್ಲದು.

ಮೂರನೆಯದು ಭಾಷೆ. ಗಲ್ಲಾದ ಮೇಲೆ ಕುಳಿತವರು ಗಿರಾಕಿಯೊಡನೆ ಆಡುವ ಭಾಷೆ ಒಂದಾದರೆ, ಅಡುಗೆಮನೆಯ ಕಡೆಗೆ ತಿರುಗಿ ಕೂಗುವ ಭಾಷೆ ಇನ್ನೊಂದಾಗಿರಬಹುದು. ಆ ಎರಡನೆಯ ಭಾಷೆಯೇ ನಮಗೆ ಬೇಕಾದ ಸಾಕ್ಷ್ಯ. ಅದು ತುಳುವೆ, ಕುಂದಾಪುರದ ಕನ್ನಡವೆ, ಮಲೆಯಾಳವೆ, ಹಿಂದಿಯೆ, ನೇಪಾಳಿಯೆ ಎಂಬುದನ್ನು ಕಿವಿಗೊಟ್ಟು ಕೇಳಬೇಕು.

ನಾಲ್ಕನೆಯದು ಸಾಮಾನು. ಸಿದ್ಧಪಡಿಸಿದ ಮಸಾಲೆಯ ಪೊಟ್ಟಣ ಎಲ್ಲಿಯೂ ಸಿಕ್ಕುತ್ತದೆ. ಆದರೆ ತವರಿನಿಂದಲೇ ತರಿಸಬೇಕಾದ ಒಂದು ಎಣ್ಣೆ, ಒಂದು ಮೆಣಸಿನಕಾಯಿ, ಒಂದು ಅಕ್ಕಿ, ಒಂದು ಒಣಮೀನು ಯಾವುದಾದರೂ ಇದೆಯೆ ಎಂದು ವಿಚಾರಿಸಬೇಕು. ಇದ್ದರೆ ತವರಿನ ದಾರಿ ಇನ್ನೂ ತೆರೆದಿದೆಯೆಂದೇ ಲೆಕ್ಕ.

ಐದನೆಯದು ಪಂಚಾಂಗ. ಯಾವ ಹಬ್ಬಕ್ಕೆ ಬಾಗಿಲು ಮುಚ್ಚುತ್ತಾರೆ, ಯಾವ ತಿಂಗಳಲ್ಲಿ ಯಜಮಾನರು ಊರಿಗೆ ಹೋಗುತ್ತಾರೆ, ಯಾವ ದಿನ ವಿಶೇಷ ಅಡುಗೆ ಮಾಡುತ್ತಾರೆ ಎಂಬುದು ಯಾವ ಫಲಕಕ್ಕಿಂತಲೂ ಸತ್ಯವನ್ನು ನುಡಿಯುತ್ತದೆ.

6. ನಾಡಿನ ಕೆಲವು ನೆಲೆಗಳು

ಈ ಗುರುತುಗಳನ್ನು ಪರೀಕ್ಷಿಸಿ ನೋಡಲು ಕರ್ನಾಟಕದಲ್ಲಿ ಅನೇಕ ನೆಲೆಗಳಿವೆ. ಹುಬ್ಬಳ್ಳಿ, ಗದಗ-ಬೆಟಗೇರಿಗಳ ಸಾವಜಿ ಖಾನಾವಳಿಗಳು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮುದಾಯದವು. ನೇಯ್ಗೆಯ ಕಸಬಿನೊಡನೆ ಉತ್ತರದಿಂದ ಬಂದು ನೆಲಸಿದ ಈ ಜನರ ಖಾರವಾದ ಮಾಂಸದಡುಗೆಯು ಮನೆಯಿಂದ ಹೋಟೆಲಿಗೆ ಬಂದುದು. ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳಿನ ಚಟ್ನಿ, ಶೇಂಗಾ ಚಟ್ನಿಗಳ ಲಿಂಗಾಯತ ಖಾನಾವಳಿಯು ಉತ್ತರ ಕರ್ನಾಟಕದಲ್ಲಿ ಊರಿನದು. ಬೆಂಗಳೂರಿಗೆ ಬಂದಾಗ ಅದೂ ವಲಸೆಗಾರರ ಮನೆಯೇ. ಒಂದೇ ರಾಜ್ಯದ ಒಳಗೂ ವಲಸೆಯುಂಟು ಎಂಬುದನ್ನು ಇದು ನೆನಪಿಸುತ್ತದೆ.

ನಿರಾಶ್ರಿತರಾಗಿ ಬಂದವರ ನೆಲೆಗಳು ಬೇರೆ ಬಗೆಯವು. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ 1960-61ರ ಅವಧಿಯಲ್ಲಿಯೂ, ಉತ್ತರ ಕನ್ನಡದ ಮುಂಡಗೋಡಿನಲ್ಲಿ 1966ರಲ್ಲಿಯೂ ಟಿಬೆಟಿನವರ ವಸಾಹತುಗಳು ಪ್ರಾರಂಭವಾದುವು. ಅಲ್ಲಿಯ ಸಣ್ಣ ಊಟದ ಮನೆಗಳಲ್ಲಿ ಭಿಕ್ಷುಗಳೂ ವಸಾಹತಿನ ಕುಟುಂಬಗಳೂ ಕುಳಿತು ಥುಕ್ಪಾ, ಮೊಮೊಗಳನ್ನು ತಿನ್ನುವುದನ್ನು ನೋಡಬಹುದು. ಅದೇ ಮೊಮೊ ಇಂದು ರಾಜ್ಯದ ಅನೇಕ ಪಟ್ಟಣಗಳಲ್ಲಿ ಕೈಗಾಡಿಯ ಮೇಲೆ ಮಾರಾಟವಾಗುತ್ತದೆ. ಮಾರುವವನು ಟಿಬೆಟಿನವನಲ್ಲದಿರುವುದೇ ಹೆಚ್ಚು. ರಾಯಚೂರು ಜಿಲ್ಲೆಯ ಸಿಂಧನೂರಿನ ಸುತ್ತ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಪುನರ್ವಸತಿ ಕ್ಯಾಂಪುಗಳನ್ನು ಕಲ್ಪಿಸಲಾಯಿತು. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ನೆಲಸಿದ ಕ್ಯಾಂಪುಗಳೂ ಆ ಸೀಮೆಯಲ್ಲಿವೆ. ಇವುಗಳ ಅಡುಗೆಯಲ್ಲಿ ಬಹುಪಾಲು ಮನೆಯೊಳಗೇ ಉಳಿದಿದೆ.

ಹೊರದೇಶದ ಒಂದು ನಿದರ್ಶನವನ್ನೂ ಕೊಡಬಹುದು. ಇಂಗ್ಲೆಂಡಿನಲ್ಲಿ ‘ಇಂಡಿಯನ್’ ಎಂಬ ಫಲಕವಿರುವ ಭೋಜನಗೃಹಗಳಲ್ಲಿ ಬಹುಸಂಖ್ಯೆಯವನ್ನು ಸ್ಥಾಪಿಸಿ ನಡೆಸಿದವರು ಇಂದಿನ ಬಾಂಗ್ಲಾದೇಶದ ಸಿಲ್‌ಹೆಟ್ ಪ್ರಾಂತದವರು. ಅವರು ಬಡಿಸಿದುದು ಸಿಲ್‌ಹೆಟ್ಟಿನ ಮನೆಯಡುಗೆಯಲ್ಲ. ಆಂಗ್ಲರು ಯಾವುದನ್ನು ಹಿಂದೂಸ್ಥಾನದ ಊಟವೆಂದು ನಿರೀಕ್ಷಿಸಿದರೋ ಅದನ್ನು. ತಮ್ಮ ಊಟವನ್ನು ಅವರು ಅಂಗಡಿಯ ಬಾಗಿಲು ಹಾಕಿದ ಮೇಲೆ, ಒಳಗೆ, ಬೇರೆಯಾಗಿ ಮಾಡಿಕೊಂಡರು. ಸಿಬ್ಬಂದಿಯ ಊಟ ಯಾವುದೆಂದು ವಿಚಾರಿಸುವುದು ಈ ಶಾಸ್ತ್ರದಲ್ಲಿ ಬಹು ಮುಖ್ಯವಾದ ಪ್ರಶ್ನೆ.

7. ಸಾಸ್ವೆಹಳ್ಳಿಯಂತಹ ಊರಿನಲ್ಲಿ

ಈಗ ಹೋಬಳಿ ಊರಿಗೆ ಹಿಂದಿರುಗೋಣ. ಇಂತಹ ಊರಿನಲ್ಲಿ ಹುಡುಕಬೇಕಾದುದು ದೊಡ್ಡ ಭೋಜನಶಾಲೆಯನ್ನಲ್ಲ. ಬೆಳಗಿನ ಇಡ್ಲಿಯ ಹೋಟೆಲು, ಚಹದ ಅಂಗಡಿ, ಮಂಡಕ್ಕಿ-ಮೆಣಸಿನಕಾಯಿ ಬಜ್ಜಿಯ ಅಂಗಡಿ, ಬೇಕರಿ, ಸಂಜೆಯ ಗೋಬಿ ಮಂಚೂರಿಯ ಗಾಡಿ ಇವೇ ನಮ್ಮ ಆಕರಗಳು. ಇವುಗಳಲ್ಲಿ ಬೇಕರಿಯನ್ನು ನೋಡಿ. ಕರ್ನಾಟಕದ ಸಣ್ಣ ಊರುಗಳಲ್ಲಿಯೂ ಕಾಣುವ ‘ಅಯ್ಯಂಗಾರ್ ಬೇಕರಿ’ಯ ಪರಂಪರೆಯು, ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದ ಅಯ್ಯಂಗಾರ್ ಸೋದರರು 1898ರಲ್ಲಿ ತೆರೆದ ಬಿ. ಬಿ. ಬೇಕರಿಯವರೆಗೆ ಹಿಂದೆ ಹೋಗುತ್ತದೆಂದು ತಿಳಿಯಲಾಗಿದೆ. ಬ್ರೆಡ್ಡು ಐರೋಪ್ಯರದು, ಮೊಟ್ಟೆಯನ್ನು ಬಿಟ್ಟು ಅದನ್ನು ಮಡಿಯವರಿಗೂ ಒಗ್ಗಿಸಿದವರು ಹಾಸನದ ಸುತ್ತಿನವರು, ಖಾರಾ ಬನ್ನಿಗೆ ಈರುಳ್ಳಿ, ಮೆಣಸಿನಕಾಯಿ, ಕೊತ್ತಂಬರಿ ನಮ್ಮ ತೋಟದ್ದು. ಇಂದು ಆ ಹೆಸರಿನ ಅಂಗಡಿಗಳನ್ನು ನಡೆಸುವವರೆಲ್ಲ ಅಯ್ಯಂಗಾರರೂ ಅಲ್ಲ, ಹಾಸನದವರೂ ಅಲ್ಲ. ಒಂದು ಖಾರಾ ಬನ್ನಿನಲ್ಲಿ ಮೂರು ವಲಸೆಗಳು ಅಡಗಿವೆ ಎಂದರೆ ಅತಿಶಯೋಕ್ತಿಯಾಗದು.

ಆದರೆ ಕಾಣುವುದನ್ನು ಎಣಿಸಿದರೆ ಸಾಲದು, ಕಾಣದಿರುವುದನ್ನೂ ಎಣಿಸಬೇಕು. ಈ ಸೀಮೆಯಲ್ಲಿಯೇ, ಈಗಿನ ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಸಮುದಾಯಕ್ಕೆ ಪವಿತ್ರವಾಗಿದೆ. ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದೇಶವನ್ನೆಲ್ಲ ಸಂಚರಿಸಿದ ಜನರವರು. ಅವರಿಗಿಂತ ಹಿರಿಯ ವಲಸೆಗಾರರು ನಮ್ಮ ನಡುವೆ ಬಹಳ ಮಂದಿ ಇಲ್ಲ. ಅವರ ತಾಂಡಾಗಳು ಇಲ್ಲಿ ತಲೆಮಾರುಗಳಿಂದ ಇವೆ. ಆದರೆ ‘ಲಂಬಾಣಿ ಊಟದ ಮನೆ’ ಎಂಬ ಫಲಕವನ್ನು ನಮ್ಮ ಪಟ್ಟಣಗಳಲ್ಲಿ ಎಷ್ಟು ಮಂದಿ ಓದಿದ್ದಾರೆ? ಉಡುಪಿಯ ಬಡ ಹುಡುಗನಿಗೆ ಊರು ಬಿಟ್ಟಾಗ ಬಂಡವಾಳವಾಗಿ ಒದಗಿದ ಜಾತಿಯು ತಾಂಡಾದ ಹುಡುಗನಿಗೆ ಅಡ್ಡಗೋಡೆಯಾಯಿತು. ಅಡುಗೆಯ ರುಚಿಯಲ್ಲಿ ಕೊರತೆಯಿರಲಿಲ್ಲ. ಆ ಕೈಯಿಂದ ಉಣ್ಣಲು ಊರು ಸಿದ್ಧವಿರಲಿಲ್ಲ. ಯಾವ ವಲಸೆಗಾರರ ಅಡುಗೆಗೆ ಫಲಕ ಬರುತ್ತದೆ, ಯಾರದಕ್ಕೆ ಬರುವುದಿಲ್ಲ ಎಂಬುದು ನಾಲಗೆಯ ಪ್ರಶ್ನೆಯಲ್ಲ, ಸಮಾಜದ ಪ್ರಶ್ನೆ.

8. ಪಂಕ್ತಿ ಮತ್ತು ದುಡಿಮೆ

ಈ ಮಾತನ್ನು ಇನ್ನೂ ಸ್ವಲ್ಪ ಬೆಳೆಸಬೇಕಾಗಿದೆ. ಹಳೆಯ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿಯಿರುತ್ತಿತ್ತು. ದಲಿತರಿಗೆ ಪ್ರವೇಶವೇ ಇರಲಿಲ್ಲ, ಇಲ್ಲವೆ ಹೊರಗೆ ಬೇರೆಯಾಗಿಟ್ಟ ಲೋಟವಿರುತ್ತಿತ್ತು. ಭಾರತದ ಸಂವಿಧಾನವು ತನ್ನ 15ನೆಯ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹಗಳ ಪ್ರವೇಶವನ್ನು ಹೆಸರಿಸಿಯೇ ಹೇಳಿದುದು ಕಾರಣವಿಲ್ಲದೆ ಅಲ್ಲ. 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರ ಕಾನೂನು ಅಂತಹ ಆಚರಣೆಯನ್ನು ಶಿಕ್ಷಾರ್ಹವನ್ನಾಗಿಸಿತು. ಹೋಟೆಲಿನ ಮೇಜು ಜಾತಿಯನ್ನು ಸಡಿಲಿಸಿತೆಂಬ ಮಾತಿನಲ್ಲಿ ಸತ್ಯವಿದೆ. ಪಕ್ಕದಲ್ಲಿ ಕುಳಿತವನು ಯಾರೆಂದು ಕೇಳದೆ ಕಾಫಿ ಕುಡಿಯುವುದನ್ನು ನಮ್ಮ ಜನ ಕಲಿತುದು ಬಹುಮಟ್ಟಿಗೆ ಅಲ್ಲಿಯೇ. ಆದರೆ ಮೇಜು ತಾನಾಗಿಯೇ ಸಡಿಲಿಸಲಿಲ್ಲ. ಹೋರಾಟವೂ ಕಾನೂನೂ ಅದರ ಬೆನ್ನ ಹಿಂದೆ ಇದ್ದುವು.

ಮೇಜಿನ ಈಚೆಗೆ ಕುಳಿತವರ ವಿಷಯ ಇದಾದರೆ, ಆಚೆಗೆ ದುಡಿಯುವವರ ವಿಷಯ ಬೇರೊಂದಿದೆ. ವೇಗಾರ್ಡ್ ಐವರ್ಸನ್ ಮತ್ತು ರಾಘವೇಂದ್ರ ಎಂಬ ವಿದ್ವಾಂಸರು ದಕ್ಷಿಣ ಭಾರತದ ಸಣ್ಣ ಹೋಟೆಲುಗಳಲ್ಲಿ ಅನ್ನ, ಜಾತಿ, ಉದ್ಯೋಗಗಳಿಗಿರುವ ಸಂಬಂಧವನ್ನು 2006ರ ಒಂದು ಲೇಖನದಲ್ಲಿ ಪರಿಶೀಲಿಸಿದರು. ಫಲಕವು ಮರೆಮಾಡುವುದೇನು ಎಂಬುದೇ ಆ ಲೇಖನದ ಹೆಸರಿನ ಭಾವ. ಒಂದು ಕಾಲಕ್ಕೆ ಕರಾವಳಿಯ ಹಳ್ಳಿಗಳಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಲೋಟ ತೊಳೆಯಲು ಮುಂಬಯಿಗೆ ಹೋಗುತ್ತಿದ್ದರು. ಅವರಿಗಾಗಿಯೇ ಅಲ್ಲಿಯ ಕನ್ನಡಿಗರು ರಾತ್ರಿಶಾಲೆಗಳನ್ನು ನಡೆಸಿದರು. ಹಗಲೆಲ್ಲ ಎಂಜಲು ಮೇಜು ಒರಸಿ ರಾತ್ರಿ ಪಾಠ ಓದಿ ಮೇಲೆ ಬಂದವರ ಕಥೆ ಮುಂಬಯಿ ಕನ್ನಡಿಗರ ಚರಿತ್ರೆಯ ಒಂದು ದೊಡ್ಡ ಅಧ್ಯಾಯ. ಮೇಲೆ ಬರಲಾಗದೆ ಹೋದವರ ಕಥೆಯನ್ನು ಯಾರೂ ಬರೆಯಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಯಿತು.

ಇಂದು ಅದೇ ಅಡುಗೆಮನೆಗಳಲ್ಲಿ ನಿಂತವರು ಬೇರೆಯವರು. ಒಡಿಶಾ, ಪಶ್ಚಿಮ ಬಂಗಾಳ, ಬಿಹಾರ, ಅಸ್ಸಾಂ, ನೇಪಾಳಗಳಿಂದ ಬಂದ ತರುಣರು ನಮ್ಮ ದೋಸೆಯ ಹಂಚಿನ ಮುಂದೆ ನಿಂತಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಅವರು ಗುಂಪುಗುಂಪಾಗಿ ಊರಿಗೆ ಹೊರಟಾಗಲೇ, ನಮ್ಮ ಊಟ ಯಾರ ಕೈಯಲ್ಲಿದೆ ಎಂಬುದು ಹಲವರಿಗೆ ತಿಳಿದುದು. ಹಾಗಾದರೆ ‘ವಲಸೆಗಾರರು ನಡೆಸುವ ಹೋಟೆಲು’ ಎಂದರೆ ಯಾವುದು? ಮೂರು ತಲೆಮಾರಿನ ಹಿಂದೆ ಉಡುಪಿಯಿಂದ ಬಂದು ಈಗ ಊರವರೇ ಆಗಿರುವ ಯಜಮಾನರದೆ, ಹೋದ ವರ್ಷ ಒಡಿಶಾದಿಂದ ಬಂದು ಅಲ್ಲಿಯ ಅಟ್ಟದಲ್ಲಿ ಮಲಗುವ ಅಡುಗೆಯವನದೆ? ಮೊದಲನೆಯವರ ಹೆಸರು ಫಲಕದಲ್ಲಿದೆ. ಎರಡನೆಯವನ ಹೆಸರು ಎಲ್ಲಿಯೂ ಇಲ್ಲ. ನಮ್ಮಲ್ಲಿ ಬಹುಮಂದಿ ವರ್ಷಗಟ್ಟಲೆ ಒಂದೇ ಹೋಟೆಲಿನಲ್ಲಿ ತಿಂಡಿ ತಿಂದವರು. ಆ ತಿಂಡಿಯನ್ನು ಮಾಡಿದವನ ಹೆಸರನ್ನು ಕೇಳಿದವರಲ್ಲ. ಈ ಲೇಖನವನ್ನು ಬರೆಯಲು ತೊಡಗಿದಾಗ ನಾವೂ ಅಂತಹವರಲ್ಲಿಯೇ ಸೇರಿದ್ದೆವೆಂದು ಒಪ್ಪಿಕೊಳ್ಳಬೇಕಾಗಿದೆ.

9. ಉಪಸಂಹಾರ

ಆದುದರಿಂದ ಅಧ್ಯಾಪಕಮಿತ್ರರಿಗೂ ವಿದ್ಯಾರ್ಥಿಗಳಿಗೂ ನಮ್ಮ ಸೂಚನೆ ಇಷ್ಟೆ. ತಮ್ಮ ಊರಿನ ಒಂದು ಬೀದಿಯನ್ನು ಆರಿಸಿಕೊಂಡು ಅಲ್ಲಿಯ ಊಟ, ತಿಂಡಿಯ ಮನೆಗಳನ್ನೆಲ್ಲ ಪಟ್ಟಿಮಾಡಲಿ. ಪ್ರತಿಯೊಂದಕ್ಕೂ ಎದುರಿಗೆ ನಾಲ್ಕು ಮನೆಗಳನ್ನು ಗೆರೆ ಹಾಕಿಕೊಳ್ಳಲಿ: ಯಜಮಾನರ ತವರು, ಅಡುಗೆಯವರ ತವರು, ಗಿರಾಕಿಗಳ ತವರು, ತಿನಿಸಿನ ತವರು. ನಾಲ್ಕೂ ಒಂದೇ ಆಗಿರುವ ಮನೆಯು ಬಲು ವಿರಳ. ಆ ನಾಲ್ಕರ ನಡುವಣ ಅಂತರವೇ ಆ ಊರಿನ ಈಚಿನ ಚರಿತ್ರೆ.

ವಿಚಾರಿಸುವಾಗ ಸೌಜನ್ಯವನ್ನು ಮರೆಯಬಾರದು. ಗಿರಾಕಿಗಳ ಗದ್ದಲದ ಹೊತ್ತಿನಲ್ಲಿ ಪ್ರಶ್ನೆ ಕೇಳಬಾರದು. ತಿಂಡಿ ಮುಗಿದು ಊಟ ತೊಡಗದ ನಡುವಣ ಹೊತ್ತು ಪ್ರಶಸ್ತ. ಉಂಡು, ಹಣ ಕೊಟ್ಟು, ಆಮೇಲೆ ಕೇಳಬೇಕು. ‘ನೀವು ಎಲ್ಲಿಯವರು?’ ಎಂಬ ಮಾತು ಪರಸ್ಥಳದಲ್ಲಿ ದುಡಿಯುವವನಿಗೆ ಎಷ್ಟೋ ಸಲ ಪೋಲೀಸಿನವರ ಮಾತಿನಂತೆ ಕೇಳಿಸುತ್ತದೆ. ಅದರ ಬದಲು, ‘ನಿಮ್ಮ ಮನೆಯಲ್ಲಿ ಹಬ್ಬಕ್ಕೆ ಏನು ಮಾಡುತ್ತಾರೆ?’ ಎಂದು ಕೇಳಿದರೆ ಮುಖ ಅರಳುತ್ತದೆ; ಊರು, ತಾಯಿ, ಹೊಲ, ಸಾಲ ಎಲ್ಲವೂ ತಾವಾಗಿಯೇ ಮಾತಿನೊಳಗೆ ಬರುತ್ತವೆ. ಅಸಲಾದ ಅಡುಗೆಯನ್ನು ಹುಡುಕಿ ಹೊರಟವರಿಗೆ ಕೆಲವು ಸಲ ಆ ಅಡುಗೆ ದೊರೆಯದೆ ಹೋಗಬಹುದು. ಅದನ್ನು ನೆನೆಯುತ್ತಿರುವ ಮನುಷ್ಯನಂತೂ ದೊರೆಯದೆ ಇರುವುದಿಲ್ಲ.